ಹೊಸ ಪ್ರಸಂಗವೋ, ಹೊಸ ಕಟ್ಟಳೆಯೋ



ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ದೀಪಾವಳಿಯ ತನಕ ಬಯಲಲ್ಲಿ ಆಟವಿಲ್ಲ. ಮಳೆ ಬಿಡದೆ ಹೊಡೆಯುವ ಆ ತಿಂಗಳುಗಳಲ್ಲಿ ಉಡುಪಿ, ಕಾಪು, ಕಾರ್ಕಳದ ದೇವಸ್ಥಾನದ ಚಾವಡಿಗಳಲ್ಲಿ, ಸಭಾಭವನಗಳಲ್ಲಿ ತಾಳಮದ್ದಲೆಯ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಅವರ ಪಕ್ಕದಲ್ಲಿ ಮದ್ದಲೆ, ಚೆಂಡೆ. ಎರಡು ಬದಿಗೆ ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿಗಳು. ಬೆಳಿಗ್ಗೆ ಶಾಲೆಯಲ್ಲಿ ಲೆಕ್ಕ ಕಲಿಸಿದ ಮಾಸ್ಟ್ರು ಸಂಜೆಗೆ ಕೌರವ. ಬ್ಯಾಂಕಿನಿಂದ ನಿವೃತ್ತರಾದವರು ಕೃಷ್ಣ. ಭಾಗವತರು ಒಂದು ಪದ್ಯ ಹೇಳಿ ಬಿಟ್ಟ ಕೂಡಲೇ ಅವರು ಆ ಪಾತ್ರವಾಗಿ ಮಾತಾಡಬೇಕು. ಬರೆದುಕೊಂಡು ಬಂದ ಸಂಭಾಷಣೆ ಇಲ್ಲ. ಎದುರಿಗೆ ಕುಳಿತವರು ಏನು ಕೇಳುತ್ತಾರೆಂದು ಗೊತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ನಿರ್ವಾಹವಿಲ್ಲ.

ನನ್ನ ಅಣ್ಣನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ರಾತ್ರಿ ಅವನೂ ಗೆಳೆಯರೂ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಮಂತ್ರವಾದಿ, ಒಬ್ಬಳು ಬಿಲ್ಲುಗಾರ್ತಿ, ಇನ್ನೊಬ್ಬ ಕಳ್ಳ. ನಡುವೆ ಕಥೆ ನಡೆಸುವವನೊಬ್ಬ ಇರುತ್ತಾನೆ. ‘ಎದುರಿಗೆ ಒಂದು ಗುಹೆ, ಒಳಗಿನಿಂದ ಹೊಗೆ ಬರುತ್ತಿದೆ, ಏನು ಮಾಡುತ್ತೀರಿ?’ ಎಂದು ಅವನು ಕೇಳಿದರೆ, ಉಳಿದವರು ಪಾತ್ರವಾಗಿಯೇ ಉತ್ತರಿಸಬೇಕು. ಕತ್ತಿ ಬೀಸಿದ್ದು ತಾಗಿತೋ ತಪ್ಪಿತೋ ಎಂಬುದನ್ನು 20 ಮುಖಗಳ ದಾಳವೊಂದು ಹೇಳುತ್ತದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬುದು ಇಂಥ ಆಟಗಳಲ್ಲಿ ಮೊದಲನೆಯದು. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಹೊರತಂದರು.

ಮೊನ್ನೆ ಹುಡುಗ ಕೇಳಿದ: ‘ಚಿಕ್ಕಪ್ಪ, ನಮ್ಮಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷ ಹೇಳುವುದು, ಈ ಆಟಕ್ಕೆ ಇನ್ನಷ್ಟು ಕಥಾಲೋಕ ಬೇಕು, ರಾಜ್ಯಗಳ ಚರಿತ್ರೆ, ದೇವರು, ವಂಶಾವಳಿ, ನಕ್ಷೆ ಎಲ್ಲ ಬೇಕು ಅಂತ. ಇನ್ನೊಂದು ಪಕ್ಷ ಹೇಳುವುದು, ಕಥೆ ಇದ್ದದ್ದು ಸಾಕು, ಆಡುವ ನಿಯಮವೇ ಹೊಸತಾಗಬೇಕು ಅಂತ. ನೀವು ಯಾವ ಕಡೆ?’ ನನಗೆ ದಾಳವೂ ಗೊತ್ತಿಲ್ಲ, ಡ್ರಾಗನ್ನೂ ಗೊತ್ತಿಲ್ಲ. ಆದರೆ ಇದೇ ಜಗಳವನ್ನು ನಾನು ಕೂಟದ ಚಾವಡಿಯ ಹೊರಗೆ, ಚಾ ಕುಡಿಯುವ ಹೊತ್ತಿನಲ್ಲಿ ಎಷ್ಟೋ ವರ್ಷದಿಂದ ಕೇಳಿದ್ದೇನೆ. ನಮ್ಮ ಭಾಷೆಯಲ್ಲಿ ಅದು ಹೊಸ ಪ್ರಸಂಗ ಬೇಕೋ, ಕೂಟದ ಕಟ್ಟಳೆ ಬದಲಾಗಬೇಕೋ ಎಂಬ ಜಗಳ.

ಮೊದಲು ಕಥೆಯ ವಿಷಯ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿವಧೆಯ ಭಾಗವನ್ನು ಪುಸ್ತಕದಲ್ಲಿ ಓದಿದರೆ ಬೇಗ ಮುಗಿದುಹೋಗುತ್ತದೆ. ವಾಲಿಗೆ ಬಾಣ ತಾಗಿ ಬಿದ್ದ ಮೇಲಿನ ಪದ್ಯಗಳು ಬೆರಳೆಣಿಕೆಯವು. ಆದರೆ ಕೂಟದಲ್ಲಿ ಆ ಬೆರಳೆಣಿಕೆಯ ಪದ್ಯಗಳಿಗೆ ತಾಸುಗಟ್ಟಲೆ ಅರ್ಥ ನಡೆಯುತ್ತದೆ. ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷಾತ್ರ? ಸೀತೆ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ರಾವಣನನ್ನು ಹಿಂದೆಯೇ ಬಗಲಲ್ಲಿ ಇರುಕಿಕೊಂಡವನು ನಾನಲ್ಲವೇ? ರಾಮ ಹೇಳುತ್ತಾನೆ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ನಿನ್ನನ್ನು ದಂಡಿಸುವುದು ಧರ್ಮ. ಅಲ್ಲದೆ ನೀನು ಮೃಗ, ಮೃಗವನ್ನು ಬೇಟೆಯಾಡುವುದಕ್ಕೆ ಎದುರು ನಿಲ್ಲಬೇಕೆಂದಿಲ್ಲ. ಅಲ್ಲಿಗೆ ವಾಲಿ ಕೈಗೆ ಸಿಕ್ಕಿದ್ದನ್ನು ಬಿಡುವುದಿಲ್ಲ. ನಾನು ಮೃಗವಾದರೆ ತಮ್ಮನ ಹೆಂಡತಿಯೆಂಬ ಧರ್ಮ ನನಗೆ ಎಲ್ಲಿಂದ ಬಂತು? ಧರ್ಮ ನನಗೂ ಉಂಟೆಂದಾದರೆ ಬೇಟೆಯ ಮಾತು ಎಲ್ಲಿಂದ ಬಂತು? ಎರಡರಲ್ಲಿ ಒಂದನ್ನು ಇಟ್ಟುಕೋ ರಾಮ! ಇಲ್ಲಿ ಸಭೆ ಒಮ್ಮೆ ಅಲುಗುತ್ತದೆ. ರಾಮನ ಅರ್ಥ ಹೇಳುವವರು ಗಟ್ಟಿಗರಾದರೆ ಇದಕ್ಕೂ ದಾರಿ ತೆಗೆಯುತ್ತಾರೆ. ಇಲ್ಲದಿದ್ದರೆ ಅವರ ಕಣ್ಣು ಭಾಗವತರ ಕಡೆ ಹೋಗುತ್ತದೆ.

ಇದರಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ವಾಲಿ ವಾದದಲ್ಲಿ ಗೆದ್ದರೂ ಸಾಯಲೇಬೇಕು. ಅಂಗದನನ್ನು ಒಪ್ಪಿಸಿ ಕಣ್ಣು ಮುಚ್ಚಲೇಬೇಕು. ಪ್ರಸಂಗದ ಪದ್ಯ ಹಾಗಿದೆ. ಮಣಿಪಾಲದ ಮೇಜಿನಲ್ಲಿ ಮುಂದೇನಾಗುತ್ತದೆಂದು ಕಥೆ ನಡೆಸುವವನಿಗೂ ಪೂರ್ತಿ ಗೊತ್ತಿಲ್ಲ, ದಾಳ ಬೀಳಬೇಕು. ಕೂಟದಲ್ಲಿ ಮುಂದೇನಾಗುತ್ತದೆಂದು ಕೊನೆಯ ಸಾಲಿನಲ್ಲಿ ತೂಕಡಿಸುವ ಅಜ್ಜನಿಗೂ ಗೊತ್ತು. ಏನು ಮಾತು ಬರುತ್ತದೆಂದು ಮಾತ್ರ ಗೊತ್ತಿಲ್ಲ. ಧರ್ಮರಾಯನ ಜೂಜಿನ ಪ್ರಸಂಗದಲ್ಲಿ ಕೂಡ ದಾಳ ಬೀಳುವುದು ಪದ್ಯದಲ್ಲಿದ್ದಂತೆಯೇ, ಶಕುನಿಯ ಅರ್ಥ ಹೇಳುವವರು ಎಷ್ಟು ಕೆಟ್ಟದಾಗಿ ಹೇಳಿದರೂ ಗೆಲ್ಲುತ್ತಾರೆ.

ಹಾಗಾದರೆ ಕಥೆ ಹೆಚ್ಚು ತುಂಬಿದರೆ ಮಾತು ಹೆಚ್ಚು ಬರುತ್ತದೆಯೇ? ನನ್ನ ಅನುಭವ ಇದಕ್ಕೆ ವಿರುದ್ಧ. ಡೇರೆ ಮೇಳಗಳ ಕಾಲದಲ್ಲಿ ಹೊಸ ಕಥೆಗಳ ಹೊಳೆಯೇ ಹರಿಯಿತು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರು ಅಪೂರ್ವ ಕಂಠದವರು. 1990ರಲ್ಲಿ, ಇನ್ನೂ 32 ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಹೋದರು. ಅವರೇ ಬರೆದ ‘ನಾಗಶ್ರೀ’ಗೆ ಜನ ಮುಗಿಬಿದ್ದರು. ತುಳು ಮೇಳಗಳಲ್ಲಿಯೂ ಹೀಗೆಯೇ ಕಥೆಯ ಮೇಲೆ ಕಥೆ. ರಂಗದ ಮೇಲೆ ಇವು ಚೆನ್ನಾಗಿಯೇ ಓಡಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ತಾಳಮದ್ದಲೆಯ ಕುರ್ಚಿಯವರೆಗೆ ಬರಲಿಲ್ಲ. ಏಕೆ? ರಾಜಕುಮಾರಿ ಯಾಕೆ ಅತ್ತಳು, ಮಂತ್ರಿ ಯಾಕೆ ಮೋಸ ಮಾಡಿದ ಎಂಬುದೆಲ್ಲ ಆ ಕಥೆಯಲ್ಲೇ ಸ್ಪಷ್ಟವಾಗಿ ಹೇಳಿ ಮುಗಿದಿರುತ್ತದೆ. ಎದುರಿನವರು ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಕರ್ಣ ಯಾಕೆ ಪಾಂಡವರ ಪಕ್ಷಕ್ಕೆ ಹೋಗಲಿಲ್ಲ ಎಂಬುದನ್ನು ಮಾತ್ರ ಎಷ್ಟು ಸಲ ಕೇಳಿದರೂ ಮತ್ತೆ ಕೇಳಬಹುದು. ಇನ್ನೊಂದು ಕಾರಣವೂ ಇದೆ. ಮಹಾಭಾರತ ಸಭೆಯಲ್ಲಿ ಕುಳಿತವರ ತಲೆಯಲ್ಲಿಯೇ ಇದೆ. ಅರ್ಥಧಾರಿ ‘ಅಂದು ಪರಶುರಾಮರ ಆಶ್ರಮದಲ್ಲಿ’ ಎಂದು ಶುರುಮಾಡಿದರೆ ಸಾಕು, ದುಂಬಿ, ತೊಡೆ, ರಕ್ತ, ಶಾಪ ಎಲ್ಲ ಕೇಳುವವರೇ ಒದಗಿಸಿಕೊಳ್ಳುತ್ತಾರೆ. ಹೊಸ ಕಥೆಯಲ್ಲಿ ಮೊದಲು ಅರ್ಧ ತಾಸು ಊರು, ಅರಸು, ಅಮಾತ್ಯರ ಪರಿಚಯ ಮಾಡಿಸಬೇಕು.

ಅಮೆರಿಕದ ಆಟಕ್ಕೂ ಇದೇ ರೋಗ ಬಂದಿತ್ತು. 1974ರಲ್ಲಿ ಅದು ಹೊರಬಂದಾಗ ಒಂದು ಸಣ್ಣ ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಿಕೆಗಳಿದ್ದವು, ಅಷ್ಟೆ. ಲೋಕವನ್ನು ಆಡುವವರೇ ಕಟ್ಟಿಕೊಳ್ಳಬೇಕಿತ್ತು. ಆಮೇಲೆ ಪ್ರಕಾಶನ ಸಂಸ್ಥೆ ಟಿಎಸ್‌ಆರ್ ಒಂದಾದ ಮೇಲೊಂದು ಸಿದ್ಧ ಲೋಕಗಳನ್ನು ಮಾರಲು ತೊಡಗಿತು. 1984ರಲ್ಲಿ ಡ್ರಾಗನ್‌ಲ್ಯಾನ್ಸ್, 1987ರಲ್ಲಿ ಫಾರ್ಗಾಟನ್ ರೆಲ್ಮ್ಸ್, 1990ರಲ್ಲಿ ರಾವೆನ್‌ಲಾಫ್ಟ್, ಮರುವರ್ಷ ಡಾರ್ಕ್ ಸನ್, 1994ರಲ್ಲಿ ಪ್ಲೇನ್‌ಸ್ಕೇಪ್. ಒಂದೊಂದು ಲೋಕಕ್ಕೂ ಅದರದೇ ನಕ್ಷೆ, ಚರಿತ್ರೆ, ಕಾದಂಬರಿ. ಒಂದು ಲೋಕ ಕೊಂಡವರು ಇನ್ನೊಂದನ್ನು ಕೊಳ್ಳಲಿಲ್ಲ, ಗಿರಾಕಿಗಳು ಹಂಚಿಹೋದರು. ಸಾಲ, ಮರಳಿ ಬಂದ ಪುಸ್ತಕಗಳ ಹೊರೆ ಇತ್ಯಾದಿ ಬೇರೆ ಕಾರಣಗಳೂ ಸೇರಿ 1997ರಲ್ಲಿ ಸಂಸ್ಥೆ ಬೇರೆಯವರ ಪಾಲಾಯಿತು. ಕೊಂಡ ವಿಝರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ಆಟದ ನಿಯಮಗಳನ್ನೇ ಹೊಸದಾಗಿ ಬರೆಸಿತು. ಇಪ್ಪತ್ತು ಮುಖದ ದಾಳದ ಸುತ್ತ ನಿಂತ ಆ ನಿಯಮಗಳನ್ನು ಬೇರೆ ಪ್ರಕಾಶಕರೂ ಬಳಸಬಹುದೆಂದು ಬಾಗಿಲು ತೆರೆಯಿತು. ಆಟ ಮತ್ತೆ ಉಸಿರಾಡಿದ್ದು ಆಗ.

ಹಾಗೆಂದು ಹೊಸ ಕಥೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಕಟ್ಟಿದ ಬಪ್ಪ ಬ್ಯಾರಿಯ ಪಾತ್ರವನ್ನು ಹಿರಿಯ ಕೇಳುಗರು ಮರೆತಿರಲಾರರು. ಅವನು ಬರುವ ಬಪ್ಪನಾಡು ಕ್ಷೇತ್ರ ಮಹಾತ್ಮೆ ಭಾರತವೂ ಅಲ್ಲ, ರಾಮಾಯಣವೂ ಅಲ್ಲ, ಮೂಲ್ಕಿಯ ಸ್ಥಳಪುರಾಣ. ಕ್ಷೇತ್ರ ಮಹಾತ್ಮೆಗಳು ನಮ್ಮಲ್ಲಿ ದೇವಸ್ಥಾನಕ್ಕೊಂದರಂತೆ ಹುಟ್ಟಿವೆ, ಬಹಳಷ್ಟು ಆಯಾ ಜಾತ್ರೆಯ ಆಚೆಗೆ ಬದುಕಲಿಲ್ಲ. ಬಪ್ಪ ಬದುಕಿದ. ಒಬ್ಬ ಬ್ಯಾರಿ ವ್ಯಾಪಾರಿ ದೇವಿಯ ಎದುರು ನಿಂತು ಏನು ಮಾತಾಡುತ್ತಾನೆ? ತನ್ನ ನಂಬಿಕೆಯನ್ನು ಬಿಟ್ಟೋ, ಇಟ್ಟುಕೊಂಡೋ? ಕಥೆ ಇದಕ್ಕೆ ಉತ್ತರ ಹೇಳುವುದಿಲ್ಲ. ಆ ಉತ್ತರ ಹೇಳಬೇಕಾದ ಹೊಣೆ ಶೇಣಿಯವರ ಮೇಲೆ ಬಿತ್ತು, ಅವರು ಅದನ್ನು ನಿಭಾಯಿಸಿದ ಚಂದವೇ ಆ ಪಾತ್ರವನ್ನು ಉಳಿಸಿತು.

ಇನ್ನು ಕಟ್ಟಳೆಯ ವಿಷಯ. ಕಾರ್ಕಳಕ್ಕೆ ಹೋದವರು ಗುಡ್ಡದ ಮೇಲಿನ ಬಾಹುಬಲಿಯನ್ನು ನೋಡದೆ ಬರುವುದಿಲ್ಲ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಏಕಶಿಲೆ. ಭರತ ಬಾಹುಬಲಿ ಅಣ್ಣತಮ್ಮಂದಿರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧದ ಕಥೆ ಎಲ್ಲರಿಗೂ ಗೊತ್ತು. ಆ ವಿಗ್ರಹ ನಿಂತು ಒಂದು ಶತಮಾನದ ಮೇಲೆ ಹತ್ತಿರದ ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ದಲ್ಲಿ ಆ ಯುದ್ಧಗಳನ್ನೇ ತೆಗೆದುಹಾಕಿದ. ಭರತ ತಮ್ಮನನ್ನು ಮಾತಿನಿಂದಲೇ ಗೆಲ್ಲುತ್ತಾನೆ. ಸಂಪ್ರದಾಯಸ್ಥರಿಗೆ ಇದು ಹಿಡಿಸಿರಲಿಕ್ಕಿಲ್ಲ. ನನಗೆ ಮಾತ್ರ ಅವನು ತಾಳಮದ್ದಲೆಯವರ ಹಿರಿಯನಂತೆ ಕಾಣುತ್ತಾನೆ. ಅವನು ಹೊಸ ಲೋಕವನ್ನೇನೂ ಕಟ್ಟಲಿಲ್ಲ. ಇದ್ದ ಅಣ್ಣತಮ್ಮಂದಿರನ್ನೇ ಇಟ್ಟುಕೊಂಡು, ಜಗಳ ತೀರಿಸುವ ವಿಧಾನ ಬದಲಿಸಿದ.

ಇಲ್ಲಿಗೆ ನಾನು ಎರಡನೆಯ ಪಕ್ಷದ ಹತ್ತಿರ ಬಂದೆ. ಇದಕ್ಕೆ ನನ್ನ ಬಲವಾದ ಸಾಕ್ಷಿ ಇನ್ನೂ ಹತ್ತಿರದವರು, ಅದೇ ಕಾರ್ಕಳ ಸೀಮೆಯ ನಂದಳಿಕೆಯವರು. ಲಕ್ಷ್ಮೀನಾರಣಪ್ಪ, ನಮಗೆಲ್ಲ ಮುದ್ದಣ. 1870ರಲ್ಲಿ ಹುಟ್ಟಿ, ಕ್ಷಯದಿಂದ 1901ರಲ್ಲಿ ತೀರಿಕೊಂಡ ಬಡವ. ಉಡುಪಿಯಲ್ಲಿ ಹುಡುಗರಿಗೆ ಡ್ರಿಲ್ ಹೇಳಿಕೊಡುತ್ತಿದ್ದವರು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗ ಬರೆದರು, ಅಂದರೆ ಕೂಟದ ಒಳಗಿನ ಮನುಷ್ಯ. ಅವರ ‘ರಾಮಾಶ್ವಮೇಧ’ವನ್ನು ಶಾಲೆಯಲ್ಲಿ ಸ್ವಲ್ಪವಾದರೂ ಓದದ ಕನ್ನಡಿಗ ಕಡಿಮೆ. ಅದರ ಕಥೆ ಹೊಸತೇ? ಅಲ್ಲ. ಪುರಾಣದ್ದೇ ಕುದುರೆ, ಪುರಾಣದ್ದೇ ಶತ್ರುಘ್ನ, ಲವಕುಶರು. ಮುದ್ದಣ ಸೇರಿಸಿದ್ದು ಒಂದೇ ಒಂದು ಕಟ್ಟಳೆ: ಕಥೆ ಹೇಳುವ ಗಂಡನ ಎದುರು ಮನೋರಮೆ ಕೂರುತ್ತಾಳೆ, ಬೇಕೆಂದಾಗ ಅಡ್ಡಮಾತು ಹಾಕುತ್ತಾಳೆ, ಹಿಡಿಸದಿದ್ದರೆ ನಿಲ್ಲಿಸುತ್ತಾಳೆ, ಕೆಣಕುತ್ತಾಳೆ. ಆ ಒಂದು ಕಟ್ಟಳೆಯಿಂದ ಹಳೆಯ ಕುದುರೆ ಬೇರೆ ದಾರಿಗೆ ಬಿತ್ತು. ಈಗ ಕುದುರೆ ಯಾವ ಯಾವ ದೇಶ ತಿರುಗಿತೆಂದು ಕೇಳಿದರೆ ನೂರರಲ್ಲಿ ತೊಂಬತ್ತು ಮಂದಿ ತಡವರಿಸುತ್ತಾರೆ. ಮನೋರಮೆಯನ್ನು ಮರೆತವರು ಯಾರೂ ಇಲ್ಲ. ದಿನವಿಡೀ ‘ಎಡಕ್ಕೆ ತಿರುಗು, ಬಲಕ್ಕೆ ತಿರುಗು’ ಎಂದು ಹುಡುಗರನ್ನು ಆಜ್ಞೆಯಲ್ಲಿ ಕುಣಿಸುತ್ತಿದ್ದ ಮಾಸ್ಟ್ರು, ಬರೆಯುವಾಗ ತನ್ನ ಮಾತಿಗೆ ಎದುರು ಹೇಳುವವಳೊಬ್ಬಳನ್ನು ಕೂರಿಸಿಕೊಂಡರೆಂಬುದು ನನಗೆ ಸೋಜಿಗ.

ದಾಳದ ಆಟಗಳಲ್ಲಿಯೂ ಇಂಥ ನಿದರ್ಶನ ಉಂಟು. 1981ರಲ್ಲಿ ಬಂದ ಕಾಲ್ ಆಫ್ ಕ್ತುಲ್ಹು ಎಂಬ ಆಟಕ್ಕೆ ಲವ್‌ಕ್ರಾಫ್ಟ್ ಎಂಬ ಭಯಾನಕ ಕಥೆಗಾರನ ಹಳೆಯ ಕಥೆಗಳೇ ಆಧಾರ. ಅದರಲ್ಲಿ ಹೊಸತಾಗಿ ತಂದ ನಿಯಮವೆಂದರೆ ಬುದ್ಧಿಯ ಸ್ಥಿಮಿತಕ್ಕೆ ಒಂದು ಅಂಕ. ಘೋರವಾದುದನ್ನು ಕಂಡಷ್ಟೂ ಅಂಕ ಇಳಿಯುತ್ತದೆ, ಸೊನ್ನೆಗೆ ಬಂದರೆ ಪಾತ್ರ ಆಟಗಾರನ ಕೈತಪ್ಪುತ್ತದೆ. ಈ ಒಂದು ನಿಯಮದಿಂದ, ಕತ್ತಿ ಹಿರಿದು ಮುನ್ನುಗ್ಗುತ್ತಿದ್ದ ಹುಡುಗರು ಬಾಗಿಲ ಸಂದಿನಿಂದ ಇಣುಕಿ ನೋಡುವುದಕ್ಕೂ ಹೆದರಿದರು. ಹೆದರಿಸುವ ಕಥೆಯನ್ನು ನೂರು ಪುಟ ಬರೆದು ಕೊಟ್ಟಿದ್ದರೂ ಹಾಗಾಗುತ್ತಿರಲಿಲ್ಲ.

ನಿಯಮ ಬದಲಿಸುವುದೆಂದರೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ತಿಳಿಯಬೇಡಿ. ಕೋಟ ಶಿವರಾಮ ಕಾರಂತರಷ್ಟು ಧೈರ್ಯವಾಗಿ ಯಕ್ಷಗಾನದ ಕಟ್ಟಳೆಗೆ ಕೈ ಹಾಕಿದವರು ಬೇರೆ ಇಲ್ಲ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು, ಕಲೆಯನ್ನು ಬುಡದಿಂದ ಬಲ್ಲವರು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿದಾಗ ಪ್ರಾಂಶುಪಾಲ ಕು. ಶಿ. ಹರಿದಾಸ ಭಟ್ಟರ ಜೊತೆ ಕಾರಂತರೂ ಇದ್ದರು. ಕಾರಂತರು ಪಿಟೀಲು, ಸ್ಯಾಕ್ಸೋಫೋನ್ ತಂದರು, ರಾತ್ರಿಯಿಡೀ ನಡೆಯುವುದನ್ನು ಎರಡು ಮೂರು ತಾಸಿಗೆ ಇಳಿಸಿದರು, ಮಾತನ್ನು ತೆಗೆದೇಬಿಟ್ಟರು. ಕಥೆಗಳು ಮಾತ್ರ ಹಳೆಯವೇ. ಕುಣಿತ, ಬಣ್ಣ, ರಾಗದ ಶುದ್ಧಿಗೆ ಆ ಪ್ರಯೋಗ ಮಾಡಿದ ಉಪಕಾರ ದೊಡ್ಡದು, ಕನ್ನಡ ಬಾರದ ದೇಶಗಳಿಗೂ ಅದು ಹೋಗಿ ಬಂತು. ಆದರೆ ಅರ್ಥವಿಲ್ಲದ ಮೇಲೆ ಅಲ್ಲಿ ವಾಲಿ ಕೇಳುವ ಹಾಗಿಲ್ಲ, ರಾಮ ಹೇಳುವ ಹಾಗಿಲ್ಲ. ಪಾತ್ರಧಾರಿಗೆ ತನ್ನದೇ ಒಂದು ಮಾತಿಗೆ ಎಡೆಯಿಲ್ಲ. ನಾನು ಕಾರಂತರನ್ನು ಗೌರವಿಸುವವನೇ, ಈ ಒಂದು ವಿಷಯದಲ್ಲಿ ಮಾತ್ರ ಎದುರು ಬದಿಯ ಕುರ್ಚಿಯಲ್ಲಿ ಕೂರುತ್ತೇನೆ.

ಇನ್ನು ಕೆಲವು ಕಟ್ಟಳೆಗಳು ಯಾರನ್ನೂ ಕೇಳದೆ ಹೊರಗಿನಿಂದ ಬಂದವು. ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮದಿಂದ ಎಷ್ಟೋ ಮೇಳಗಳು ಕಾಲಮಿತಿಗೆ ಬಂದವು. ಬೆಳಗಾಗುವಾಗ ಮಹಿಷಾಸುರನನ್ನು ನೋಡಿ ಹೆದರಿ ಅಮ್ಮನ ಸೆರಗು ಹಿಡಿದ ಮಕ್ಕಳ ತಲೆಮಾರು ನಮ್ಮದೇ ಕೊನೆಯದಿರಬೇಕು. ಆಕಾಶವಾಣಿಯ ಕಟ್ಟಳೆಯನ್ನು ನಾನು ಹೇಳಬೇಕೇ? ಮಂಗಳೂರು ನಿಲಯ 1976ರಲ್ಲಿ ಆರಂಭವಾದಾಗಿನಿಂದ ಘಟಾನುಘಟಿ ಅರ್ಥಧಾರಿಗಳು ಅದರ ಸ್ಟುಡಿಯೋದಲ್ಲಿ ಗಾಜಿನ ಆಚೆಯ ಗಡಿಯಾರ ನೋಡಿಕೊಂಡೇ ಯುದ್ಧ ಮುಗಿಸಿದ್ದಾರೆ. ಇದರಿಂದ ಆದ ಲಾಭವನ್ನೂ ಹೇಳಬೇಕು: ಪೀಠಿಕೆ ಮೊಟಕಾಯಿತು. ಪಾತ್ರ ಮೊದಲು ಬಂದಾಗ ತನ್ನ ಪೂರ್ವಾಪರ ಹೇಳಿಕೊಳ್ಳುವ ಆ ಭಾಗ ಕೆಲವರ ಬಾಯಲ್ಲಿ ಸೃಷ್ಟಿಯ ಆದಿಯಿಂದ ಶುರುವಾಗುತ್ತದೆ. ಭೀಷ್ಮ ಇನ್ನೂ ಗಂಗೆಯ ಹೊಟ್ಟೆಯಲ್ಲಿರುವಾಗಲೇ ಸಭೆಯ ಅರ್ಧ ಜನ ಚಾ ಕುಡಿಯಲು ಎದ್ದಿರುತ್ತಾರೆ. ಹಿನ್ನೆಲೆಯ ಕಥೆ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದವರೆಗೆ ಹೋಗಬೇಕೆಂದಿಲ್ಲ.

ನನ್ನ ಒಲವು ಈಗ ನಿಮಗೆ ತಿಳಿದಿರಬಹುದು. ಕಥೆ ಸಾಕಷ್ಟಿದೆ, ಇನ್ನಷ್ಟು ತುಂಬುವ ಅವಸರವಿಲ್ಲ. ಬೇಕಾದುದು ಯಾರು ಯಾರನ್ನು ಕೇಳಬಹುದು, ಯಾರು ಉತ್ತರ ಹೇಳಲೇಬೇಕು ಎಂಬುದನ್ನು ಸ್ವಲ್ಪ ಕದಲಿಸುವ ಕಟ್ಟಳೆ. ಇದು ತಾನಾಗಿಯೂ ಆಗುತ್ತಿದೆ. ಈಗ ನಮ್ಮ ಜಿಲ್ಲೆಗಳಲ್ಲಿ ಮಹಿಳೆಯರ ತಾಳಮದ್ದಲೆ ತಂಡಗಳಿವೆ. ಭೀಷ್ಮ ವಿಜಯದ ಅಂಬೆಯ ಅರ್ಥವನ್ನು ಹೆಂಗಸರೇ ಹೇಳುವಾಗ, ಪದ್ಯ ಒಂದಕ್ಷರ ಬದಲಾಗದಿದ್ದರೂ ಭೀಷ್ಮ ಎದುರಿಸಬೇಕಾದ ಪ್ರಶ್ನೆಗಳು ಬದಲಾಗುತ್ತವೆ. ಗಂಡಸರು ಅಂಬೆಯನ್ನು ಹೇಳುವಾಗ ಸಾಮಾನ್ಯವಾಗಿ ಸಿಟ್ಟು ಮುಂದೆ ಬರುತ್ತಿತ್ತು. ಇವರಲ್ಲಿ ಲೆಕ್ಕ ಕೇಳುವ ಧ್ವನಿ ಮುಂದೆ ಬರುತ್ತದೆ.

ಪ್ರಯೋಗ ಮಾಡಿ ನೋಡಬಹುದಾದ ಇನ್ನೊಂದೆರಡು ಹೇಳುತ್ತೇನೆ. ಉಡುಪಿಯ ರಥಬೀದಿಯ ಸುತ್ತಲಿನ ಮಠಗಳಲ್ಲಿ ವಾಕ್ಯಾರ್ಥ ಎಂಬ ಶಾಸ್ತ್ರಚರ್ಚೆ ನಡೆಯುವಾಗ ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಸರಿಯಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಕೂಟದಲ್ಲಿಯೂ ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಒಮ್ಮೆ ಹೇಳಿ, ಆಮೇಲೆ ಖಂಡಿಸಬೇಕೆಂಬ ಕಟ್ಟಳೆ ಇಟ್ಟರೆ ಏನಾದೀತು? ವ್ಯಂಗ್ಯ, ಪ್ರಾಸ, ಕುಹಕದಲ್ಲಿ ದಿನ ಕಳೆಯುವ ಕೆಲವರಿಗೆ ಕಷ್ಟವಾದೀತು. ಎರಡನೆಯದು ಪಾತ್ರ ಹಂಚುವ ಕಟ್ಟಳೆ. ಹಿಂದೆ ಮಲ್ಪೆಯ ಸಾಮಗ ಸಹೋದರರಂಥ ಅರ್ಥಧಾರಿಗಳು ಯಾವ ಪಾತ್ರ ಬಂದರೂ ಸೈ ಎಂದು ಕುಳಿತುಬಿಡುತ್ತಿದ್ದರು. ಈಗ ಕರಪತ್ರದಲ್ಲಿ ತಿಂಗಳ ಮೊದಲೇ ಪಾತ್ರ ಅಚ್ಚಾಗುತ್ತದೆ, ಅದೇ ಪೀಠಿಕೆ ಯೂಟ್ಯೂಬಿನಲ್ಲಿ ಮೂರು ಕೂಟಗಳಲ್ಲಿ ಸಿಗುತ್ತದೆ. ಹಾಗಿರುವಾಗ ಚಾವಡಿಯಲ್ಲಿಯೇ ಚೀಟಿ ಎತ್ತಿ ಪಾತ್ರ ಹಂಚಿದರೆ ಹೇಗೆ? ಉಡುಪಿಯಲ್ಲಿ 1975ರಿಂದ ಕೆಲಸ ಮಾಡುತ್ತಿರುವ ಯಕ್ಷಗಾನ ಕಲಾರಂಗ ವರ್ಷವರ್ಷವೂ ತಾಳಮದ್ದಲೆ ಸಪ್ತಾಹ ನಡೆಸುತ್ತದೆ. ಏಳು ದಿನದಲ್ಲಿ ಒಂದು ದಿನವನ್ನು ಇಂಥ ಕೂಟಕ್ಕೆ ಬಿಟ್ಟರೆ ಆಕಾಶವೇನೂ ಬೀಳದು.

ಹುಡುಗನಿಗೂ ಇದನ್ನೇ ಹೇಳಿದೆ. ಹೊಸ ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಮುಂದಿನ ಶನಿವಾರ ವಾಲಿವಧೆಯ ನಾಲ್ಕು ಪದ್ಯ ಇಟ್ಟುಕೊಳ್ಳಿ, ವಾಲಿ ಸಾಯುವುದನ್ನು ದಾಳಕ್ಕೆ ಬಿಡಬೇಡಿ, ರಾಮ ಯಾರಾಗಬೇಕೆಂಬುದನ್ನು ಬೇಕಾದರೆ ದಾಳಕ್ಕೆ ಬಿಡಿ. ಅವನು ಸ್ವಲ್ಪ ಯೋಚನೆ ಮಾಡಿ ಕೇಳಿದ: ‘ಎಲ್ಲ ಸರಿ, ಪದ್ಯ ಹೇಳುವುದು ಯಾರು? ಮಾತು ಉದ್ದವಾದರೆ ನಿಲ್ಲಿಸುವುದು ಯಾರು?’ ಹುಡುಗ ಸರಿಯಾದ ಜಾಗಕ್ಕೆ ಕೈ ಹಾಕಿದ್ದ. ಅರ್ಥಧಾರಿಗಳ ಬಗ್ಗೆ ಇಷ್ಟೊತ್ತು ಮಾತಾಡಿದೆ, ಆದರೆ ಕೂಟವನ್ನು ಕಟ್ಟುವವರು, ಹೊತ್ತು ನೋಡಿ ಮುಂದಿನ ಪದ್ಯ ಎತ್ತಿ ಎಂಥ ವಾಚಾಳಿ ಕೌರವನನ್ನೂ ಸುಮ್ಮನಾಗಿಸುವವರು ಭಾಗವತರು. ಮಣಿಪಾಲದ ಮೇಜುಗಳಲ್ಲಿ ಪಾತ್ರ ಮಾಡುವವರಿಗೆ ಬರವಿಲ್ಲವಂತೆ, ಕಥೆ ನಡೆಸುವ ಒಬ್ಬ ಸಿಕ್ಕದೆ ಆಟ ನಿಲ್ಲುವುದೇ ಹೆಚ್ಚಂತೆ. ಯಕ್ಷಗಾನ ಕೇಂದ್ರದಲ್ಲಿ ಭಾಗವತಿಕೆ ಕಲಿಯುವ ಹುಡುಗರಿದ್ದಾರೆ, ಹೋಗಿ ಒಬ್ಬರನ್ನು ಕೇಳು ಎಂದಿದ್ದೇನೆ. ಹೋಗಿದ್ದಾನೋ ಇಲ್ಲವೋ ತಿಳಿಯದು.